ಲಿಮಾದ ಲಾರ್ಕೊ ಮ್ಯೂಸಿಯಂ ಸರಿಯಾಗಿ ನೋಡೋದು ಹೇಗೆ: ಚಿನ್ನ ಆಮೇಲೆ, ಮೊದಲು ಮಡಕೆ

ಪೆರುಗೆ ಹೋಗ್ಬರೋ ನಮ್ಮೋರಿಗೆ ಅದರ ರಾಜಧಾನಿ ಲಿಮಾ ಅಂದ್ರೆ ಕುಸ್ಕೊಗೆ ಫ್ಲೈಟ್ ಹಿಡಿಯೋ ಊರು ಅಷ್ಟೇ, ಒಂದು ರಾತ್ರಿ ಮಲಗೋದು, ಬೆಳಿಗ್ಗೆ ಎದ್ದು ಮಾಚು ಪಿಚು ಕಡೆ ಹೊರಡೋದು. ಮೊದಲ್ನೇ ಸಲ ನಾನೂ ಹಂಗೇ ಹೋಗಿದ್ದೆ, ಒಂದು ಟೂರ್ ಕಂಪನಿಯವರು ಮಧ್ಯಾಹ್ನ ಲಾರ್ಕೊ ಮ್ಯೂಸಿಯಂಗೆ ಕರ್ಕೊಂಡೋಗಿ ಸೀದಾ ಚಿನ್ನದ ಕೋಣೆ ತೋರಿಸಿ, ಫೋಟೋ ತಗೊಳ್ಳಿ ಅಂದು, ಮುಕ್ಕಾಲು ಗಂಟೇಲಿ ವಾಪಸ್ ವ್ಯಾನ್ ಹತ್ತಿಸಿಬಿಟ್ರು. ಹೊರಗೆ ಬರೋವಾಗ ಪಕ್ಕದ ಬಾಗಿಲಲ್ಲಿ ನೆಲದಿಂದ ಸೂರಿನವರೆಗೂ ಮಡಕೆ ಜೋಡಿಸಿದ ಕಪಾಟುಗಳು ಸಾಲುಸಾಲು ಕಾಣಿಸಿದ್ವು, ಅಲ್ಲಿಗೆ ಹೋಗೋಕೆ ಟೈಮೇ ಇರ್ಲಿಲ್ಲ. ಅದು ಮನಸ್ಸಲ್ಲಿ ಹಂಗೇ ಕೂತಿತ್ತು. ಎರಡನೇ ಸಲ ಅಮ್ಮನ್ನ ಕರ್ಕೊಂಡು ಹೋದಾಗ ಒಂದಿಡೀ ದಿನ ಅದಕ್ಕೇ ಅಂತ ಇಟ್ಟಿದ್ದೆ. ಈ ಬರಹ ಆ ಎರಡನೇ ಸಲದ ಅನುಭವದಿಂದ ಬರ್ದಿದ್ದು, ಹೋಗೋರಿಗೆ ಯಾವ ಕ್ರಮದಲ್ಲಿ ನೋಡಿದ್ರೆ ಒಳ್ಳೇದು ಅಂತ ಹಂತ ಹಂತವಾಗಿ ಹೇಳ್ತೀನಿ.

ಮೊದಲು ಜಾಗದ ಪರಿಚಯ. ಪೆರುವಿನ ಉತ್ತರ ಕರಾವಳೀಲಿ ತ್ರುಹಿಯೊ ಊರಿನ ಹತ್ರ ಚಿಕ್ಲಿನ್ ಅಂತ ಒಂದು ದೊಡ್ಡ ಕಬ್ಬಿನ ಎಸ್ಟೇಟ್ ಇತ್ತು, ಅಲ್ಲಿ 1901ರಲ್ಲಿ ಹುಟ್ಟಿದೋರು ರಫಾಯೆಲ್ ಲಾರ್ಕೊ ಹೊಯ್ಲೆ. ಓದಿದ್ದು ಕೃಷಿ, ಹಚ್ಕೊಂಡಿದ್ದು ಮಣ್ಣಲ್ಲಿ ಸಿಗೋ ಹಳೇ ಮಡಕೆಗಳನ್ನ. 1926ರಲ್ಲಿ ಅದೇ ಎಸ್ಟೇಟಲ್ಲಿ ಅಪ್ಪನ ಹೆಸರಲ್ಲಿ ಮ್ಯೂಸಿಯಂ ಶುರು ಮಾಡಿದ್ರು. ಆಮೇಲೆ ಇಡೀ ಸಂಗ್ರಹ ಲಿಮಾಕ್ಕೆ ಬಂತು, ಈಗಿರೋದು ಪ್ವೆಬ್ಲೊ ಲಿಬ್ರೆ ಅನ್ನೋ ಏರಿಯಾದಲ್ಲಿ, ಬೊಲಿವಾರ್ ರಸ್ತೆ 1515ನೇ ನಂಬರ್. ಕಟ್ಟಡ 18ನೇ ಶತಮಾನದ ಬಂಗಲೆ, ಅದರ ಕೆಳಗಿರೋದು ಇನ್ನೂ ಹಳೇ ಕಾಲದ ಒಂದು ಮಣ್ಣಿನ ದಿಬ್ಬ-ಪಿರಮಿಡ್ಡು. ಒಟ್ಟು ಸುಮಾರು 45,000 ವಸ್ತು ಇದೆ, ಅದರಲ್ಲಿ ದೊಡ್ಡ ಪಾಲು ಮಣ್ಣಿನವೇ.

ಹೊರಡೋ ಮುಂಚೆ ಮನೇಲಿ ಮಾಡ್ಕೊಳ್ಳೋ ತಯಾರಿ

ತಯಾರಿ ಇಲ್ದೆ ಹೋದ್ರೆ ಎಲ್ಲಾ ಮಡಕೆನೂ ಒಂದೇ ಥರ ಕಾಣುತ್ತೆ, ಎಲ್ಲದಕ್ಕೂ "ಇಂಕಾ ಇಂಕಾ" ಅಂತ ಹೇಳ್ಕೊಂಡು ಬಂದ್ಬಿಡ್ತೀವಿ. ನಿಜ ಏನಂದ್ರೆ ಇಂಕಾ ಸಾಮ್ರಾಜ್ಯ ಅನ್ನೋದು ಕೊನೆಯ ನೂರು ವರ್ಷದ ಕಥೆ, 1438ರ ಸುಮಾರಿಗೆ ಬೆಳೆಯೋಕೆ ಶುರುವಾಗಿ 1532ರ ನವೆಂಬರ್ 16ಕ್ಕೆ ಕಾಹಮಾರ್ಕ ಅನ್ನೋ ಊರಲ್ಲಿ ಸ್ಪೇನಿನ ಪಿಸಾರೊ ಇಂಕಾ ದೊರೆ ಅತಹುವಲ್ಪನ್ನ ಹಿಡಿದಾಗ ಕುಸಿದಿದ್ದು. ನಮ್ಮಲ್ಲಿ ಕೃಷ್ಣದೇವರಾಯ ತೀರ್ಕೊಂಡಿದ್ದು 1529, ಅಂದ್ರೆ ಹಂಪಿ ಮೆರೀತಿದ್ದ ಕಾಲವೂ ಇಂಕಾಗಳ ರಾಜಧಾನಿ ಕುಸ್ಕೊ ಮೆರೀತಿದ್ದ ಕಾಲವೂ ಒಂದೇ. ಇದೊಂದು ಗುರುತು ಇಟ್ಕೊಂಡ್ರೆ ಮಿಕ್ಕಿದ್ದೆಲ್ಲ ಅದರ ಹಿಂದೆ ಜೋಡಿಸ್ಕೋಬಹುದು. ಇಂಕಾಗಿಂತ ಮುಂಚೆ ಉತ್ತರ ಕರಾವಳೀಲಿ ಚಿಮೂ ಅನ್ನೋ ಜನ, ಅವರ ರಾಜಧಾನಿ ಚಾನ್ ಚಾನ್, ಪೂರ್ತಿ ಮಣ್ಣಿನ ಇಟ್ಟಿಗೆಯ ಪಟ್ಟಣ. ಅದಕ್ಕಿಂತ ಮುಂಚೆ ಬೆಟ್ಟದ ಕಡೆಯಿಂದ ಬಂದ ವಾರಿ, 600ರಿಂದ 1000ದ ಆಸುಪಾಸು. ಅದಕ್ಕಿಂತ ಹಿಂದೆ ಸುಮಾರು ಕ್ರಿಸ್ತಶಕ 100ರಿಂದ 800ರವರೆಗೆ ಉತ್ತರದಲ್ಲಿ ಮೋಚೆ, ಹೆಚ್ಚುಕಮ್ಮಿ ಅದೇ ಕಾಲಕ್ಕೆ ದಕ್ಷಿಣದಲ್ಲಿ ನಾಸ್ಕಾ. ಮೋಚೆ ಕಾಲ ಅಂದ್ರೆ ನಮ್ಮ ಕದಂಬರು, ಬಾದಾಮಿ ಚಾಲುಕ್ಯರ ಕಾಲ. ಇನ್ನೂ ಹಿಂದಕ್ಕೆ ಹೋದ್ರೆ ಪರಾಕಾಸ್, ಚಾವಿನ್, ಕುಪಿಸ್ನಿಕೆ, ಇವೆಲ್ಲ ಕ್ರಿಸ್ತಪೂರ್ವದವು.

ಇಷ್ಟೂ ಬಾಯಿಪಾಠ ಮಾಡ್ಬೇಕಿಲ್ಲ. ಮೋಚೆ, ನಾಸ್ಕಾ, ಚಿಮೂ, ಇಂಕಾ, ಈ ನಾಲ್ಕು ಹೆಸರು ಹಿಂದೆಮುಂದೆ ಆಗದ ಹಾಗೆ ನೆನಪಿದ್ರೆ ಸಾಕು. ಬಣ್ಣದಿಂದ್ಲೇ ಗುರುತು ಹಿಡೀಬಹುದು: ಸುಣ್ಣದ ಬಿಳಿ ಮೇಲೆ ಕೆಮ್ಮಣ್ಣಿನ ಕೆಂಪು ಇದ್ರೆ ಬಹುಪಾಲು ಮೋಚೆ, ಏಳೆಂಟು ಬಣ್ಣ ತುಂಬಿ ನುಣ್ಣಗೆ ಹೊಳೀತಿದ್ರೆ ನಾಸ್ಕಾ, ಕರ್‍ರಗೆ ಮಿಂಚ್ತಿದ್ರೆ ಚಿಮೂ (ಆವಿಗೆಗೆ ಗಾಳಿ ಹೋಗದ ಹಾಗೆ ಮುಚ್ಚಿ ಹೊಗೇಲಿ ಸುಟ್ಟಿರ್ತಾರೆ), ತ್ರಿಕೋನ ಚೌಕ ಗೆರೆ ಅಂತ ಲೆಕ್ಕಾಚಾರದ ಚಿತ್ತಾರ ಇದ್ರೆ ಇಂಕಾ. ನೂರಕ್ಕೆ ನೂರು ಸರಿ ಹೋಗಲ್ಲ, ಆದ್ರೆ ಕಣ್ಣಿಗೆ ಒಂದು ದಾರಿ ಸಿಗುತ್ತೆ.

ವೀಸಾ, ಟೈಮು, ದಾರಿ

ಇದನ್ನ ಬೇಗ ಮುಗಿಸ್ತೀನಿ. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಅಥವಾ ಷೆಂಗೆನ್ ವೀಸಾ ಇನ್ನೂ 6 ತಿಂಗಳು ಬಾಕಿ ಇದ್ರೆ ಭಾರತದ ಪಾಸ್‌ಪೋರ್ಟ್ ಇರೋರಿಗೆ ಪೆರುಗೆ ಬೇರೆ ಟೂರಿಸ್ಟ್ ವೀಸಾ ಬೇಡ ಅನ್ನೋ ರೂಲ್ ಇದೆ, ಟಿಕೆಟ್ ಬುಕ್ ಮಾಡೋ ಮುಂಚೆ ಎಂಬಸಿ ಸೈಟಲ್ಲಿ ಆವತ್ತಿನ ರೂಲ್ ಒಂದ್ಸಲ ನೋಡ್ಕೊಂಡ್ಬಿಡಿ. ಬೆಂಗಳೂರಿಂದ ಡೈರೆಕ್ಟ್ ಫ್ಲೈಟ್ ಇಲ್ಲ, ಯುರೋಪ್ ಮೇಲೆ ಹೋಗೋದು ವಾಸಿ. ಅಮೆರಿಕದಲ್ಲಿರೋ ನಮ್ಮೋರಿಗೆ ಮಯಾಮಿ, ಹ್ಯೂಸ್ಟನ್, ಅಟ್ಲಾಂಟಾ ಕಡೆಯಿಂದ ನೇರ ಫ್ಲೈಟ್ ಸಿಗುತ್ತೆ. ನಮ್ಮ ಟೈಮಿಗೂ ಲಿಮಾ ಟೈಮಿಗೂ ಹತ್ತೂವರೆ ಗಂಟೆ ವ್ಯತ್ಯಾಸ, ಅದಕ್ಕೇ ಇಳಿದ ದಿನವೇ ಮ್ಯೂಸಿಯಂ ಇಟ್ಕೋಬೇಡಿ, ಮಂದ ಬೆಳಕಿನ ಕೋಣೇಲಿ ನಿದ್ದೆ ಎಳೆಯುತ್ತೆ.

ಟೂರಿಸ್ಟುಗಳು ಜಾಸ್ತಿ ಉಳ್ಕೊಳ್ಳೋದು ಮಿರಾಫ್ಲೋರೆಸ್ ಅನ್ನೋ ಕಡೆ, ಅಲ್ಲಿಂದ ಆ್ಯಪ್ ಟ್ಯಾಕ್ಸಿ ಹಿಡೀರಿ, ಬೀದೀಲಿ ಕೈ ತೋರಿಸಿ ನಿಲ್ಲಿಸೋ ಟ್ಯಾಕ್ಸಿಗೆ ಮೀಟರ್ ಇರಲ್ಲ, ಹತ್ತೋ ಮುಂಚೆನೇ ರೇಟು ಮಾತಾಡ್ಬೇಕು. ಟ್ರಾಫಿಕ್ ನಮ್ಮ ಸಿಲ್ಕ್ ಬೋರ್ಡ್ ಕಂಡೋರಿಗೆ ಹೊಸದೇನಲ್ಲ, ಮುಕ್ಕಾಲು ಗಂಟೆ ಕೈಯಲ್ಲಿ ಇಟ್ಕೊಳ್ಳಿ. ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ಹೋಗೋದು ಎಲ್ಲಕ್ಕಿಂತ ಒಳ್ಳೇದು, ಟೂರ್ ಗುಂಪುಗಳು ಆಮೇಲಾಮೇಲೆ ಸೇರ್ಕೊಳ್ತವೆ. ಕಮ್ಮಿ ಅಂದ್ರೆ ನಾಲ್ಕು ಗಂಟೆ ಬೇಕು. ಬ್ಯಾಗು ಸಣ್ಣದು ಒಯ್ಯಿರಿ, ಒಂದು ಸಣ್ಣ ನೋಟ್‌ಬುಕ್ಕು ಪೆನ್ಸಿಲ್ಲು ಇಟ್ಕೊಳ್ಳಿ, ಅದು ಯಾಕೆ ಅಂತ ಕೊನೇಲಿ ಹೇಳ್ತೀನಿ. ಫೋಟೋ ತೆಗೀಬಹುದು, ಫ್ಲ್ಯಾಶ್ ಮಾತ್ರ ಆಫ್ ಮಾಡಿ.

ಒಳಗೆ ಹೋದ್ಮೇಲೆ ಮೊದಲು ಉಗ್ರಾಣ

ಎಲ್ಲರೂ ಮೊದಲು ಮುಖ್ಯ ಗ್ಯಾಲರಿಗೆ ಹೋಗ್ತಾರೆ. ನಾನು ಹೇಳೋದು ಉಲ್ಟಾ. ಮೊದಲು ಉಗ್ರಾಣಕ್ಕೆ ಹೋಗಿ. ಬೇರೆ ಮ್ಯೂಸಿಯಂಗಳು ಸಂಗ್ರಹದ ಒಂದು ಚೂರು ಮಾತ್ರ ತೋರಿಸಿ ಮಿಕ್ಕಿದ್ದನ್ನ ನೆಲಮಾಳಿಗೇಲಿ ಬೀಗ ಹಾಕಿ ಇಟ್ಟಿರ್ತವೆ, ಲಾರ್ಕೊದಲ್ಲಿ ಆ ಉಗ್ರಾಣವನ್ನೇ ಜನಕ್ಕೆ ತೆರೆದಿಟ್ಟಿದ್ದಾರೆ. ಸುಮಾರು 30,000 ಮಡಕೆ ಗಾಜಿನ ಕಪಾಟಲ್ಲಿ, ವಿಷಯದ ಪ್ರಕಾರ ಜೋಡಿಸಿ: ಗೂಬೆಗಳೆಲ್ಲ ಒಂದು ಕಡೆ, ಕಪ್ಪೆಗಳೆಲ್ಲ ಒಂದು ಕಡೆ, ಸಮುದ್ರಸಿಂಹ, ಕುರುಡರು, ಕಾಯಿಲೆಯವರು, ಮಗು ಎತ್ಕೊಂಡ ಹೆಂಗಸರು, ಮನೆಗಳು, ದೋಣಿಗಳು.

ಯಾಕೆ ಇಲ್ಲಿಂದ ಶುರು ಮಾಡ್ಬೇಕು ಅಂದ್ರೆ, ಗ್ಯಾಲರೀಲಿ ಒಂದೇ ಒಂದು ಗೂಬೆ ಮಡಕೆ ಲೈಟ್ ಹಾಕಿ ಇಟ್ಟಿದ್ರೆ ಅದೊಂದು ವಿಚಿತ್ರ ವಸ್ತು ಅನ್ಸುತ್ತೆ, ಇಲ್ಲಿ ನೂರಾರು ಗೂಬೆ ಒಟ್ಟಿಗೆ ನೋಡಿದಾಗ ಅದೊಂದು ಭಾಷೆ ಅಂತ ಗೊತ್ತಾಗುತ್ತೆ, ಒಬ್ಬ ಕುಂಬಾರ ಹೀಗೆ ಹೇಳಿದ್ದನ್ನ ಇನ್ನೊಬ್ಬ ಬೇರೆ ಥರ ಹೇಳ್ತಿದಾನೆ, ಒಬ್ಬಂದು ನಾಜೂಕು, ಒಬ್ಬಂದು ಅವಸರದ ಕೈ. ಅರ್ಧ ಗಂಟೆ ಏನೂ ಓದದೆ ಸುಮ್ನೆ ಓಡಾಡಿ. ಆಮೇಲೆ ಒಂದು ಕಪಾಟು ಆರಿಸ್ಕೊಂಡು ನಿಂತ್ಕೊಳ್ಳಿ.

ಒಂದು ಮಡಕೆ ನೋಡೋ ಕ್ರಮ

ಇದು ಈ ಬರಹದ ಮುಖ್ಯ ಭಾಗ, ನಿಧಾನವಾಗಿ ಓದಿ.

ಒಂದು ಮೋಚೆ ಮಡಕೆ ಮುಂದೆ ನಿಂತ್ಕೊಂಡ್ರೆ ಮೊದಲು ಮೇಲಿನ ಕೊಳವೆ ನೋಡಿ, ಗೊಂಬೆ ಆಮೇಲೆ. ಮಡಕೆಯ ಹೆಗಲಿಂದ ಎರಡು ಕೊಳವೆ ಕಮಾನಿನ ಹಾಗೆ ಮೇಲೆದ್ದು ಒಂದಕ್ಕೊಂದು ಸೇರ್ತವೆ, ಸೇರಿದ ಜಾಗದಿಂದ ಒಂದೇ ಬಾಯಿ ನೆಟ್ಟಗೆ ನಿಂತಿರುತ್ತೆ. ಹಿಡಿಕೇನೂ ಅದೇ, ಬಾಯೀನೂ ಅದೇ. ಬಾಯಿ ಸಣ್ಣದಾದ್ದರಿಂದ ಆ ಮರಳುಗಾಡಿನ ಒಣ ಹವೇಲಿ ಒಳಗಿನ ನೀರು ಬೇಗ ಆರಲ್ಲ, ತುಳುಕೋದೂ ಇಲ್ಲ. ಲಾರ್ಕೊ ಸಾವಿರಾರು ಮಡಕೆ ಪಕ್ಕಪಕ್ಕ ಇಟ್ಟು ಈ ಕೊಳವೆ ಒಂದರಿಂದ್ಲೇ ಮೋಚೆ ಕಾಲವನ್ನ ಐದು ಹಂತ ಮಾಡಿದ್ರು, ಹಳೇ ವಸ್ತುವಿನ ವಯಸ್ಸು ಹೇಳೋ ರೇಡಿಯೊ ಕಾರ್ಬನ್ ಲೆಕ್ಕ ಇನ್ನೂ ಬಳಕೆಗೆ ಬರದ ಕಾಲದಲ್ಲಿ. ಮೊದಲ ಹಂತದಲ್ಲಿ ಬಾಯಿ ಗಿಡ್ಡ, ಅಂಚು ದಪ್ಪಗೆ ಉಬ್ಬಿರುತ್ತೆ. ಎರಡರಲ್ಲಿ ಸ್ವಲ್ಪ ಉದ್ದ, ಅಂಚು ತೆಳು. ಮೂರರಲ್ಲಿ ಬಾಯಿ ಹೂವಿನ ಹಾಗೆ ಹೊರಕ್ಕೆ ಅರಳುತ್ತೆ. ನಾಲ್ಕರಲ್ಲಿ ಉದ್ದಕ್ಕೆ ನೆಟ್ಟಗೆ. ಐದರಲ್ಲಿ ಮೇಲೆ ಹೋಗ್ತಾ ಹೋಗ್ತಾ ಸಣ್ಣಗಾಗುತ್ತೆ. ಆಮೇಲೆ ಬಂದ ಸಂಶೋಧಕರು ಇದು ದಕ್ಷಿಣದ ಕಣಿವೆಗಳಿಗೆ ಚೆನ್ನಾಗಿ ಹೊಂದುತ್ತೆ, ಉತ್ತರದ ಕಣಿವೆಗಳ ಲೆಕ್ಕ ಬೇರೆ ಅಂತ ತೋರಿಸಿದ್ದಾರೆ, ಆದ್ರೂ ಕಣ್ಣು ಪಳಗೋಕೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ. ಅರ್ಧ ಗಂಟೇಲಿ ನೀವೇ "ಇದು ಮೂರು, ಇದು ನಾಲ್ಕು" ಅಂತ ಹೇಳೋಕೆ ಶುರು ಮಾಡ್ತೀರ.

ಎರಡನೇದು ಅಂಟುಗೆರೆ. ಇಡೀ ಆಂಡಿಸ್ ಪರ್ವತದ ಸೀಮೇಲಿ ಕುಂಬಾರನ ತಿಗರಿ ಅನ್ನೋದೇ ಇರ್ಲಿಲ್ಲ. ಎರಡು ಅರ್ಧ ಅಚ್ಚಿಗೆ ಜೇಡಿಮಣ್ಣು ಒತ್ತಿ, ಎರಡನ್ನೂ ಕೂಡಿಸಿ, ಕೊಳವೆ ಬೇರೆ ಮಾಡಿ ಅಂಟಿಸ್ತಿದ್ರು. ಪಕ್ಕದಿಂದ ಬಗ್ಗಿ ನೋಡಿದ್ರೆ ಕೆಲವದರಲ್ಲಿ ಕಿವಿ ಹಿಂದಿಂದ ಕೆಳಗಿನವರೆಗೆ ಸಣ್ಣ ಏಣು ಇನ್ನೂ ಕಾಣುತ್ತೆ, ಕೆಲವದರಲ್ಲಿ ಎಷ್ಟು ತಿಕ್ಕಿ ನುಣ್ಣಗೆ ಮಾಡಿರ್ತಾರೆ ಅಂದ್ರೆ ಹುಡುಕಿದ್ರೂ ಸಿಗಲ್ಲ. ಅಚ್ಚು ಒಂದೇ ಆದ್ರೂ ಬಣ್ಣ ಬೇರೆ, ಅದಕ್ಕೇ ಒಂದೇ ಅಚ್ಚಿನ ಅಣ್ಣತಮ್ಮಂದಿರು ಬೇರೆಬೇರೆ ಬಟ್ಟೆ ಹಾಕ್ಕೊಂಡ ಹಾಗೆ ಕಾಣ್ತಾರೆ.

ಮೂರನೇದು ಗೆರೆ. ಬಿಳಿ ಮೇಲೆ ಸಣ್ಣ ಕುಂಚದಲ್ಲಿ ಎಳೆದ ಕೆಂಪು ಗೆರೆಗಳ ಚಿತ್ರ ಮಡಕೆ ಸುತ್ತಲೂ ಹೋಗುತ್ತೆ, ಒಂದೇ ಕಡೆ ನಿಂತ್ರೆ ಅರ್ಧ ಕಥೆ ಮಾತ್ರ. ಸಾಧ್ಯ ಇದ್ದ ಕಡೆ ಸುತ್ತು ಹಾಕಿ. ಓಡ್ತಿರೋ ಯೋಧರು ಕಂಡ್ರೆ ಅವರ ಕೈಯಲ್ಲಿ ಸಣ್ಣ ಚೀಲ ಇದ್ಯಾ ನೋಡಿ, ಅವರ ಅಕ್ಕಪಕ್ಕ ಚುಕ್ಕಿ-ಪಟ್ಟೆ ಇರೋ ಕಾಳುಗಳು ತೇಲಾಡ್ತಿವೆಯಾ ನೋಡಿ. ಕೆಲವು ಚಿತ್ರದಲ್ಲಿ ಕಾಳಿಗೇ ಕೈಕಾಲು ಬಂದು ಅದೇ ಯೋಧ ಆಗಿ ಓಡ್ತಿರುತ್ತೆ. ಆ ಕಾಳು ಬೇರೆ ಯಾವುದೂ ಅಲ್ಲ, ನಮ್ಮ ಬೆಂಗಳೂರು ಮಾರ್ಕೆಟಲ್ಲಿ ಡಬಲ್ ಬೀನ್ಸ್ ಅಂತ ಸೇರಲ್ಲಿ ಅಳೆದು ಕೊಡ್ತಾರಲ್ಲ, ಅದೇ. ಇಂಗ್ಲಿಷಲ್ಲಿ ಅದಕ್ಕೆ ಲಿಮಾ ಬೀನ್ಸ್ ಅಂತ ಹೆಸರು ಬಂದಿದ್ದೇ ಈ ಊರಿಂದ. ಆ ಕಾಳಿನ ಮೇಲಿನ ಗುರುತುಗಳು ಒಂದು ಲಿಪಿ ಅಂತ ಲಾರ್ಕೊ ವಾದ ಮಾಡಿದ್ರು, ಹೆಚ್ಚಿನ ವಿದ್ವಾಂಸರು ಒಪ್ಲಿಲ್ಲ, ಜೂಜಿನ ಕಾಳು ಇರ್ಬಹುದು ಅಂತಲೂ ಹೇಳ್ತಾರೆ. ನನಗಂತೂ ಆ ಚಿತ್ರ ನೋಡಿದ್ಮೇಲೆ ಡಬಲ್ ಬೀನ್ಸ್ ಸುಲಿಯೋವಾಗ ಪ್ರತಿ ಕಾಳಿನ ಮೈಮೇಲಿನ ಗೆರೆ ನೋಡೋ ಅಭ್ಯಾಸ ಆಗ್ಬಿಟ್ಟಿದೆ.

ಕಪಾಟಿನೊಳಗೆ ನಮ್ಮ ಅಡುಗೆಮನೆ

ನಮ್ಮ ಕಡೆಯಿಂದ ಹೋಗೋರು ತಪ್ಪಿಸ್ಕೋಬಾರದ ಕಪಾಟು ಅಂದ್ರೆ ಬೆಳೆಗಳದ್ದು. ಆಲೂಗಡ್ಡೆ, ಜೋಳ ಅಂದ್ರೆ ಮುಸುಕಿನ ಜೋಳ, ಮೆಣಸಿನಕಾಯಿ, ಗೆಣಸು, ಸಿಹಿಗುಂಬಳ, ಸೀತಾಫಲದ ಬಳಗದ ಹಣ್ಣುಗಳು, ಶೇಂಗಾ. ಇವು ಯಾವುದೂ ನಮ್ಮ ನೆಲದ ಮೂಲದವಲ್ಲ, 1492ರ ನಂತರ ಪೋರ್ಚುಗೀಸರ ಹಡಗು, ಗೋವಾ, ಕರಾವಳಿ ಅಂತ ಹಾದು ಬಂದವು. ಅದಕ್ಕಿಂತ ಸಾವಿರ ವರ್ಷ ಮುಂಚೆ ಮೋಚೆ ಕುಂಬಾರ ಅದನ್ನ ಮಣ್ಣಲ್ಲಿ ಮಾಡಿಟ್ಟಿದ್ದ.

ನಮ್ಮಮ್ಮ ಚಳ್ಳಕೆರೆ ಕಡೆಯೋಳು, ಶೇಂಗಾ ಕಿತ್ತು ಬಿಡಿಸಿ ಬೆಳೆದೋಳು. ಅಲ್ಲಿವರೆಗೂ ಕೈ ಹಿಂದೆ ಕಟ್ಕೊಂಡು ಸುಮ್ನೆ ನನ್ನ ಜೊತೆ ಬರ್ತಿದ್ದೋಳು ಆ ಕಪಾಟಿನ ಮುಂದೆ ನಿಂತ್ಬಿಟ್ಳು. ಒಂದು ಮಡಕೆ ಮೈತುಂಬ ಶೇಂಗಾ ಕಾಯಿ. "ನೋಡಪ್ಪಾ, ಮಧ್ಯ ಸೊಂಟ ಹಿಡಿದಿರೋದು ನೋಡು, ಬಲೆ ಗೆರೆ ನೋಡು, ಇದು ಎರಡು ಬೀಜದ ಕಾಯಿ, ಅಕಾ ಆ ಪಕ್ಕದ್ದು ಮೂರು ಬೀಜದ್ದು" ಅಂದ್ಳು. ನಾನು ಬಗ್ಗಿ ನೋಡಿದೆ, ಸಿಪ್ಪೆ ಮೇಲಿನ ಉದ್ದಗೆರೆ, ಅಡ್ಡಗೆರೆ, ನಡುವೆ ಬೀಳೋ ಸಣ್ಣ ಗುಳಿಗಳು, ತೊಟ್ಟಿನ ಕಡೆ ಕೊಕ್ಕಿನ ಹಾಗೆ ಬಾಗಿರೋದು, ಎಲ್ಲಾ ಇತ್ತು. ಬೋರ್ಡಲ್ಲಿ ಬರೆದಿದ್ದು ಒಂದೇ ಸಾಲು, ಅಮ್ಮ ಹೇಳಿದ್ದು ಅದಕ್ಕಿಂತ ಜಾಸ್ತಿ. ಹಾಗಾಗಿ ಹೇಳ್ತೀನಿ, ಮನೇಲಿ ವ್ಯವಸಾಯ ಗೊತ್ತಿರೋ ಹಿರಿಯರಿದ್ರೆ "ಅವರಿಗೆ ಮ್ಯೂಸಿಯಂ ಬೋರಾಗುತ್ತೆ" ಅಂತ ಹೋಟೆಲಲ್ಲಿ ಬಿಟ್ಟು ಹೋಗ್ಬೇಡಿ.

ಶೇಂಗಾ ಅವರಿಗೆ ಬರೀ ತಿನ್ನೋ ಕಾಳಾಗಿರ್ಲಿಲ್ಲ. 1987ರಲ್ಲಿ ಪೆರುವಿನ ಪುರಾತತ್ವಜ್ಞ ವಾಲ್ಟರ್ ಆಲ್ವಾ ತಂಡ ಸಿಪಾನ್ ಅನ್ನೋ ಕಡೆ ಅಗೆದ ಮೋಚೆ ದೊರೆಯ ಸಮಾಧೀಲಿ ಶೇಂಗಾ ಕಾಯಿ ಆಕಾರದ ಹಾರ ಸಿಕ್ಕಿತ್ತು, ಹತ್ತು ಕಾಯಿ ಚಿನ್ನದ್ದು ಬಲಗಡೆ, ಹತ್ತು ಬೆಳ್ಳಿದು ಎಡಗಡೆ. ಅದು ಲಾರ್ಕೊದಲ್ಲಿಲ್ಲ, ಉತ್ತರದ ಲಂಬಾಯೆಕೆ ಊರಿನ ಮ್ಯೂಸಿಯಂನಲ್ಲಿದೆ.

ಜೋಳದ ಬಗ್ಗೆನೂ ಒಂದು ಮಾತು. ನಮ್ಮ ಸೋಮನಾಥಪುರದ ಕೇಶವ ದೇವಸ್ಥಾನದ ಕೆಲವು ಶಿಲ್ಪಗಳ ಕೈಯಲ್ಲಿ ಇರೋದು ಮುಸುಕಿನ ಜೋಳದ ತೆನೆ, ಅಂದ್ರೆ ಕೊಲಂಬಸ್‌ಗಿಂತ ಮುಂಚೆನೇ ಜೋಳ ಇಲ್ಲಿಗೆ ಬಂದಿತ್ತು ಅಂತ 1989ರಲ್ಲಿ ಜೊಹಾನೆಸನ್ ಅನ್ನೋ ಅಮೆರಿಕದ ಭೂಗೋಳ ತಜ್ಞರು ಬರ್ದಿದ್ರು. ಭಾರತದ ಜೋಳದ ವಿಜ್ಞಾನಿಗಳೇ 1993ರಲ್ಲಿ ಅದಕ್ಕೆ ಉತ್ತರ ಕೊಟ್ಟು, ಅದು ತೆನೆ ಅಲ್ಲ, ಮುತ್ತು ಪೋಣಿಸಿದ ಕಾಲ್ಪನಿಕ ಹಣ್ಣು, ಮುಕ್ತಾಫಲ ಅಂದ್ರು. ನಾನು ಎರಡೂ ಕಣ್ಣಾರೆ ನೋಡಿದೀನಿ. ಮೋಚೆ ಕುಂಬಾರನ ತೆನೇಲಿ ಕಾಳು ನಿಜವಾದ ತೆನೆ ಹಾಗೇ ಸಾಲುಗಟ್ಟಿರುತ್ತೆ, ಕೆಲವದರಲ್ಲಿ ನಿಜವಾದ ತೆನೆಯಿಂದಲೇ ಅಚ್ಚು ತೆಗೆದಿರೋ ಹಾಗಿದೆ. ಅದನ್ನ ನೋಡಿ ಬಂದ್ಮೇಲೆ ಸೋಮನಾಥಪುರದ್ದು ಮುಕ್ತಾಫಲ ಅನ್ನೋರ ಕಡೆಗೇ ನನ್ನ ಮನಸ್ಸು ವಾಲುತ್ತೆ, ಹೊಯ್ಸಳ ಶಿಲ್ಪಿ ಗಿಡ ನೋಡಿ ಕೆತ್ತಿದಾನೆ ಅನ್ಸಲ್ಲ, ಆಭರಣ ನೋಡಿ ಕೆತ್ತಿದಾನೆ ಅನ್ಸುತ್ತೆ.

ಈಗ ಗ್ಯಾಲರಿಗೆ: ಮುಖಗಳು

ಉಗ್ರಾಣ ಮುಗಿಸಿ ಹತ್ತು ನಿಮಿಷ ತೋಟದಲ್ಲಿ ಕೂತು ನೀರು ಕುಡೀರಿ, ಕಾಗದದ ಹೂವಿನ ಬಳ್ಳಿ ಗೋಡೆ ತುಂಬ ಹಬ್ಬಿರುತ್ತೆ. ಆಮೇಲೆ ಗ್ಯಾಲರಿ.

ಇಲ್ಲಿ ಮೊದಲು ಹುಡುಕ್ಬೇಕಾಗಿದ್ದು ಮೋಚೆಯ ಮುಖ-ಮಡಕೆಗಳನ್ನ. ಇವು ದೇವರ ಮುಖ ಅಲ್ಲ, ನಿಜವಾಗ್ಲೂ ಬದುಕಿದ್ದ ಮನುಷ್ಯರ ಮುಖ. ಒಬ್ಬನ ಮೇಲ್ದುಟಿ ಹತ್ರ ಗಾಯದ ಗುರುತಿದೆ, ವಿದ್ವಾಂಸರು ಅವನಿಗೆ ತುಟಿ ಸೀಳಿದವನು ಅಂತ್ಲೇ ಹೆಸರಿಟ್ಟಿದ್ದಾರೆ. ಅವನ ಮುಖದ ಮಡಕೆಗಳು ಹತ್ತಾರು ಸಿಕ್ಕಿವೆ, ಹುಡುಗ ಆಗಿದ್ದಾಗಿಂದ ಹಿಡಿದು ಮೂವತ್ತರ ಆಸುಪಾಸಿನವರೆಗೆ. ಕೆನ್ನೆ ಬದಲಾಗುತ್ತೆ, ತಲೆಗೆ ಸುತ್ತಿದ ಬಟ್ಟೆ ಬದಲಾಗುತ್ತೆ, ಗಾಯ ಮಾತ್ರ ಅಲ್ಲೇ. ಅವನ ಹೆಸರು ಯಾರಿಗೂ ಗೊತ್ತಿಲ್ಲ, ಮೋಚೆಗಳು ಅಕ್ಷರ ಬರೆದಿಟ್ಟು ಹೋಗ್ಲಿಲ್ಲ. ಆದ್ರೂ ಅವನು ಬೆಳೆದಿದ್ದನ್ನ ನಾವು ನೋಡ್ತೀವಿ. ಇಲ್ಲಿ ಅವಸರ ಮಾಡ್ಬೇಡಿ, ಕಣ್ಣ ಮಟ್ಟಕ್ಕೆ ಬಗ್ಗಿ ಒಂದೊಂದೇ ಮುಖ ನೋಡಿ.

ಬಲಿಯ ಚಿತ್ರಗಳು

ಮಕ್ಕಳ ಜೊತೆ ಹೋಗೋರು ಮೊದಲೇ ತಿಳ್ಕೊಂಡಿರಿ, ಮೋಚೆ ಚಿತ್ರಗಳಲ್ಲಿ ನರಬಲಿ ಇದೆ. ಇಬ್ಬರು ಯೋಧರ ಕಾಳಗ, ಸೋತವನ ಜುಟ್ಟು ಹಿಡಿಯೋದು, ಬಟ್ಟೆ ಕಳಚಿ ಕುತ್ತಿಗೆಗೆ ಹಗ್ಗ ಹಾಕಿ ನಡೆಸ್ಕೊಂಡು ಹೋಗೋದು, ಕೊನೆಗೆ ಅವನ ರಕ್ತ ಬಟ್ಟಲಲ್ಲಿ ಹಿಡಿದು ದೊಡ್ಡ ಅರ್ಚಕನಿಗೆ ಕೊಡೋದು. ಬಹಳ ವರ್ಷ ಇದೆಲ್ಲ ಪುರಾಣದ ಕಥೆ ಅಂತ್ಲೇ ಅಂದ್ಕೊಂಡಿದ್ರು. ಸಿಪಾನ್ ಸಮಾಧಿ ತೆರೆದಾಗ ಚಿತ್ರದಲ್ಲಿದ್ದ ಅದೇ ಕಿರೀಟ, ಅದೇ ಕಿವಿಯೋಲೆ, ಅದೇ ಆಯುಧ ಇಟ್ಕೊಂಡು ಮಲಗಿದ್ದ ಮನುಷ್ಯ ಸಿಕ್ಕ. ಆಮೇಲೆ ಸಾನ್ ಹೊಸೆ ದೆ ಮೊರೊ ಅನ್ನೋ ಕಡೆ ಚಿತ್ರದ ಅರ್ಚಕಿಯ ಉಡುಪಿನ ಹೆಂಗಸಿನ ಸಮಾಧೀನೂ ಸಿಕ್ತು. ವಾಕಾ ದೆ ಲಾ ಲೂನಾ ಅನ್ನೋ ಮಣ್ಣಿನ ಗುಡಿಯ ಅಂಗಳದಲ್ಲಿ ಬಲಿಯಾದವರ ಎಲುಬುಗಳು ಎಲ್ ನಿನ್ಯೊ (ಸಮುದ್ರ ಬಿಸಿಯಾಗಿ ಆ ಕರಾವಳೀಲಿ ವಿಪರೀತ ಮಳೆ ಬರೋದು) ಮಳೆಗೆ ಕರಗಿ ಇಳಿದ ಕೆಸರಿನ ಪದರದಲ್ಲೇ ಸಿಕ್ಕಿವೆ, ಅಂದ್ರೆ ಮಳೆ ಹುಚ್ಚಾಗಿ ಸುರೀತಿರೋವಾಗ ಅದನ್ನ ನಿಲ್ಲಿಸೋಕೆ ಅಂತ ಬಲಿ ಕೊಟ್ಟಿರ್ಬೇಕು ಅಂತ ಅಗೆದವರ ಅಭಿಪ್ರಾಯ. ಇದನ್ನ ತಿಳ್ಕೊಂಡು ಆ ಮಡಕೆ ನೋಡಿದ್ರೆ ಭಯದ ಜೊತೆ ಆ ಜನರ ಕಷ್ಟವೂ ಕಾಣುತ್ತೆ. ಮರಳುಗಾಡಲ್ಲಿ ಕಾಲುವೆ ಕಟ್ಟಿ ಬದುಕಿದ್ದೋರು, ಒಂದೇ ಮಳೆಗೆ ಎಲ್ಲಾ ಕೊಚ್ಕೊಂಡು ಹೋಗ್ತಿತ್ತು.

ಬಟ್ಟೆ ಮತ್ತು ಗಂಟು

ಬಟ್ಟೆ ಕೋಣೇಲಿ ಬೆಳಕು ತುಂಬ ಕಮ್ಮಿ ಇಟ್ಟಿರ್ತಾರೆ, ಬಣ್ಣ ಮಾಸದಿರ್ಲಿ ಅಂತ. ಒಳಗೆ ಹೋಗಿ ಎರಡು ನಿಮಿಷ ನಿಂತ್ರೆ ಕಣ್ಣು ಹೊಂದ್ಕೊಳ್ಳುತ್ತೆ. ಒಂದು ಇಂಚಿಗೆ 398 ಎಳೆ ಇರೋ ಬಟ್ಟೆ ತುಂಡು ಇಲ್ಲಿದೆ, ದಾಖಲೆ ಅಂತ ಮ್ಯೂಸಿಯಂನೋರು ಹೆಮ್ಮೆಯಿಂದ ತೋರಿಸ್ತಾರೆ. ಮಗ್ಗದ ಒಂದು ತುದಿ ಕಂಬಕ್ಕೆ ಇನ್ನೊಂದು ತುದಿ ಸೊಂಟಕ್ಕೆ ಕಟ್ಕೊಂಡು, ಮೈ ಹಿಂದಕ್ಕೆ ಒರಗಿಸಿ ಹಾಸು ಬಿಗಿ ಮಾಡ್ತಾ ನೇಯೋ ಪದ್ಧತಿ ಅವರದ್ದು. ಇಳಕಲ್ಲೋ ಮೊಳಕಾಲ್ಮೂರೋ ಮಗ್ಗ ನೋಡಿದೋರಿಗೆ ಆ ನೂಲಿನ ಸಣ್ಣತನ ಅಂದ್ರೆ ಏನು ಅಂತ ಬಿಡಿಸಿ ಹೇಳ್ಬೇಕಿಲ್ಲ. ಕೆಂಪು ಬಣ್ಣ ಪಾಪಾಸುಕಳ್ಳಿ ಮೇಲೆ ಬೆಳೆಯೋ ಒಂದು ಸಣ್ಣ ಹುಳದಿಂದ ಬಂದಿದ್ದು.

ಇಂಕಾಗಳ ಕೀಪು ಅನ್ನೋ ಗಂಟಿನ ದಾರಗಳನ್ನ ಓದೋಕೆ ಹೋಗೋ ಮುಂಚೆನೇ ಕಲ್ತಿದ್ರೆ ತುಂಬ ಖುಷಿ ಆಗುತ್ತೆ, ಕಷ್ಟ ಇಲ್ಲ. ಒಂದು ದಪ್ಪ ಹುರಿ ಅಡ್ಡಕ್ಕೆ, ಅದರಿಂದ ದಾರಗಳು ನೇತಾಡ್ತವೆ. ಲೆಕ್ಕ ನಮ್ಮ ಹಾಗೇ ಹತ್ತರ ಲೆಕ್ಕ. ದಾರದ ತುದಿ ಕಡೆ ಬಿಡಿ, ಅದರ ಮೇಲೆ ಹತ್ತು, ಅದರ ಮೇಲೆ ನೂರು. ಹತ್ತು ನೂರುಗಳ ಜಾಗದಲ್ಲಿ ಸಾದಾ ಗಂಟು, ಎಷ್ಟು ಗಂಟೋ ಅಷ್ಟು. ಬಿಡಿ ಜಾಗದಲ್ಲಿ ಮಾತ್ರ ಸುತ್ತು ಗಂಟು, ಎಷ್ಟು ಸುತ್ತೋ ಅಷ್ಟು, ಒಂದಕ್ಕೆ ಮಾತ್ರ ಇಂಗ್ಲಿಷಿನ ಎಂಟರ ಆಕಾರದ ಗಂಟು. ಗಂಟಿಲ್ಲದ ಜಾಗ ಸೊನ್ನೆ. ಹಾಗಾದ್ರೆ ಮೇಲೆ 3 ಸಾದಾ ಗಂಟು, ಮಧ್ಯ 5 ಸಾದಾ ಗಂಟು, ಕೆಳಗೆ 2 ಸುತ್ತಿನ ಗಂಟು ಅಂದ್ರೆ 352. ಗಾಜಿನ ಮುಂದೆ ನಿಂತು ಒಂದು ದಾರ ಓದಿ ನೋಡಿ, ಪೆನ್ಸಿಲ್ ಒಯ್ಯಿರಿ ಅಂದಿದ್ದಕ್ಕೆ ಇದೊಂದು ಕಾರಣ.

ಚಿನ್ನ

ಕೊನೆಗೆ ಚಿನ್ನ. ಚಿಮೂ ದೊರೆಯ ಪೂರ್ತಿ ಚಿನ್ನದ ಉಡುಪು ಇಲ್ಲಿದೆ, ಕಿರೀಟ, ದೊಡ್ಡ ಕಿವಿಯೋಲೆ, ಎದೆಪಟ್ಟಿ, ಭುಜದ ಪಟ್ಟಿ, ಒಬ್ಬನೇ ಹಾಕ್ಕೊಳ್ಳೋ ಅಷ್ಟೂ ಒಟ್ಟಿಗೆ. ನೋಡೋವಾಗ ಇದು ಅವರಿಗೆ ದುಡ್ಡಾಗಿರ್ಲಿಲ್ಲ ಅನ್ನೋದು ನೆನಪಿರ್ಲಿ, ಚಿನ್ನ ಸೂರ್ಯನದು, ಬೆಳ್ಳಿ ಚಂದ್ರನದು, ಹಾಕ್ಕೊಂಡೋನು ದೇವರ ಬೆಳಕನ್ನ ಮೈಮೇಲೆ ಹೊತ್ತೋನು. ಮೂಗಿಗೆ ಹಾಕೋ ಒಡವೆ ಬಾಯಿ ಪೂರ್ತಿ ಮುಚ್ಚೋದನ್ನ ನೋಡಿ, ಮಾತಾಡಿದ್ರೆ ಲೋಹ ಅಲುಗಾಡಿ ಹೊಳೀಬೇಕು. ಹೊಳೆಯೋದೆಲ್ಲ ಅಪ್ಪಟ ಚಿನ್ನ ಅಲ್ಲ, ತಾಮ್ರ ಬೆರೆಸಿದ ಮಿಶ್ರಲೋಹವನ್ನ ಕಾಯಿಸಿ, ಹುಳಿಯಲ್ಲಿ ತೊಳೆದು, ಮೇಲಿನ ತಾಮ್ರ ಮಾತ್ರ ಹೋಗಿ ಚಿನ್ನ ಉಳಿಯೋ ಹಾಗೆ ಮಾಡೋ ವಿದ್ಯೆ ಅವರಿಗೆ ಗೊತ್ತಿತ್ತು. ಸ್ಪೇನಿನವರು ಇಂಥದ್ದನ್ನ ರಾಶಿ ರಾಶಿ ಕರಗಿಸಿ ಗಟ್ಟಿ ಮಾಡಿ ಸಾಗಿಸಿದ್ರು. ಮಡಕೆ ಕರಗಿಸೋಕಾಗಲ್ಲ, ಅದಕ್ಕೇ ಮಡಕೆ ಉಳೀತು.

ಇನ್ನೊಂದು ಗ್ಯಾಲರಿ

ಲಾರ್ಕೊ ಅಂದ ತಕ್ಷಣ ಕೆಲವರು ಕೇಳೋದು ಕಾಮದ ಮಡಕೆಗಳ ಗ್ಯಾಲರಿ ಬಗ್ಗೆ. ಅದು ತೋಟದ ಮಟ್ಟದಲ್ಲಿ ಬೇರೇನೇ ಕಟ್ಟಡ, ಮುಖ್ಯ ಗ್ಯಾಲರಿ ದಾರೀಲಿ ಎದುರಾಗಲ್ಲ, ಹಾಗಾಗಿ ಅಪ್ಪ ಅಮ್ಮ ಮಕ್ಕಳ ಜೊತೆ ಹೋದೋರು ಬೇಕಾದ್ರೆ ಬಿಡಬಹುದು ಅಥವಾ ಒಬ್ಬೊಬ್ಬರೇ ಹೋಗಿ ಬರಬಹುದು. ನಾವು ಹಾಗೇ ಮಾಡಿದ್ವಿ, ಅಮ್ಮ ಬೆಂಚಲ್ಲಿ ಕೂತಿದ್ಲು. ನನ್ನ ಪ್ರಕಾರ ನೋಡ್ಬೇಕಾದ್ದೇ. ಅಲ್ಲಿ ಗಂಡು ಹೆಣ್ಣು ಮಾತ್ರ ಇಲ್ಲ, ಅಸ್ಥಿಪಂಜರಗಳಿವೆ, ಹೆರಿಗೆ ಇದೆ, ಹಾಲೂಡಿಸೋ ತಾಯಿ ಇದ್ದಾಳೆ, ಪ್ರಾಣಿಗಳಿವೆ. ಸತ್ತವರ ಲೋಕದಿಂದ್ಲೇ ಬೆಳೆಗೆ ಜೀವ ಬರೋದು ಅನ್ನೋ ನಂಬಿಕೆ ಇದ್ದಂಗಿದೆ, ಇವು ಸಮಾಧೀಲಿ ಇಟ್ಟ ಮಡಕೆಗಳು ಅನ್ನೋದು ನೆನಪಿಟ್ಕೊಂಡು ನೋಡಿ. ನಗೋ ಗುಂಪು ಇದ್ರೆ ಅವರು ಹೋಗೋವರೆಗೂ ಕಾಯಿರಿ.

ಊಟ, ಖರೀದಿ, ಮನೆಗೆ ಬಂದ್ಮೇಲೆ

ಒಳಗೇ ತೋಟದ ಪಕ್ಕ ರೆಸ್ಟೋರೆಂಟ್ ಇದೆ, ಸ್ವಲ್ಪ ದುಬಾರಿ. ಸಸ್ಯಾಹಾರಿಗಳು "ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ" ಅಂತ ಮೂರೂ ಹೇಳ್ಬೇಕು, ಅಂದ್ರೆ ಮಾಂಸ ಬೇಡ, ಕೋಳಿ ಬೇಡ, ಮೀನು ಬೇಡ. ಬರೀ ಕಾರ್ನೆ ಬೇಡ ಅಂದ್ರೆ ಕೋಳಿ ಬರೋ ಸಾಧ್ಯತೆ ಇದೆ. ಪಾಪಾ ಅ ಲಾ ವಾಂಕಾಯಿನಾ ಅಂದ್ರೆ ಬೇಯಿಸಿದ ಆಲೂಗಡ್ಡೆ ಮೇಲೆ ಹಳದಿ ಮೆಣಸಿನಕಾಯಿ-ಚೀಸ್ ಗೊಜ್ಜು, ಮೇಲೆ ಬೇಯಿಸಿದ ಮೊಟ್ಟೆ ಇಟ್ಟಿರ್ತಾರೆ, ಬೇಡ ಅಂದ್ರೆ ತೆಗೀತಾರೆ. ನೇರಳೆ ಜೋಳದ ಚಿಚಾ ಮೊರಾದಾ ಕುಡೀರಿ, ಸಿಹಿ ಇರುತ್ತೆ, ಅಮಲಿನದ್ದಲ್ಲ.

ಹೊರಗೆ ಬೀದೀಲೋ ಹೋಟೆಲ್ ಹತ್ರಾನೋ ಯಾರಾದ್ರೂ "ಒರಿಜಿನಲ್ ವಾಕೊ" ಅಂತ ಹಳೇ ಮಡಕೆ ಮಾರೋಕೆ ಬಂದ್ರೆ ಮುಟ್ಟಲೇ ಬೇಡಿ. ನಕಲಿ ಆದ್ರೆ ದುಡ್ಡು ಹೋಗುತ್ತೆ, ಅಸಲಿ ಆದ್ರೆ ಕಾನೂನು ಪ್ರಕಾರ ದೇಶದಿಂದ ಆಚೆ ಒಯ್ಯೋ ಹಾಗಿಲ್ಲ. ಅದಕ್ಕಿಂತ ದೊಡ್ಡ ಮಾತು, ಅಸಲಿ ಅಂದ್ರೆ ಯಾರದ್ದೋ ಸಮಾಧಿ ಕೊಳ್ಳೆ ಹೊಡೆದಿದ್ದು. ಕದ್ದು ಅಗೆದ ಮಡಕೆಗೆ ಅದು ಎಲ್ಲಿತ್ತು, ಯಾರ ಪಕ್ಕ ಇತ್ತು, ತಲೆ ಹತ್ರನೋ ಕಾಲ ಹತ್ರನೋ ಅನ್ನೋ ವಿಷಯನೇ ಇರಲ್ಲ. ಲಾರ್ಕೊ ಸಂಗ್ರಹದಲ್ಲೂ ಅವರು ಸ್ವತಃ ಅಗೆದದ್ದು ಒಂದು ಪಾಲು, ಬೇರೆಯವರ ಸಂಗ್ರಹ ಕೊಂಡದ್ದು ಬಹಳಷ್ಟು. ಆ ಕಪಾಟಿನ ಮುಂದೆ ನಿಂತಾಗ ನನಗೆ ಸಂತೋಷದ ಜೊತೆ ಈ ನೋವೂ ಆಯ್ತು, ನಮ್ಮ ದೇವಸ್ಥಾನದಿಂದ ಕಳುವಾದ ವಿಗ್ರಹ ಎಲ್ಲೋ ಗಾಜಿನೊಳಗೆ ನಿಂತಿರೋದು ನೋಡಿದ ಹಾಗೆ.

ಮುಂದೆ ಕುಸ್ಕೊಗೆ ಹೋಗೋರು ಅಲ್ಲಿನ ಪ್ರೀ-ಕೊಲಂಬಿಯನ್ (ಕೊಲಂಬಸ್ ಬರೋ ಮುಂಚಿನ) ಕಲೆಯ ಮ್ಯೂಸಿಯಂ ನೋಡಿ, 2003ರಲ್ಲಿ ಶುರುವಾಗಿದ್ದು, ಲಾರ್ಕೊ ಉಗ್ರಾಣದಿಂದಲೇ ಆರಿಸಿದ ಸುಮಾರು 450 ವಸ್ತು ಇದೆ. ಉಗ್ರಾಣದಲ್ಲಿ ಕಣ್ಣು ಪಳಗಿಸ್ಕೊಂಡು ಹೋದ್ರೆ ಅಲ್ಲಿ ಒಂದೂವರೆ ಗಂಟೆ ಸಾಕು.

ನೋಟ್‌ಬುಕ್ ವಿಷಯ ಬಾಕಿ ಇದೆ. ಮ್ಯೂಸಿಯಂನೋರು ಪ್ರತಿ ವಸ್ತುಗೂ ಎಂಎಲ್ ಅಂತ ಶುರುವಾಗೋ ಒಂದು ನಂಬರ್ ಕೊಟ್ಟಿದ್ದಾರೆ. ಮನಸ್ಸಿಗೆ ಹಿಡಿಸಿದ ಹತ್ತು ಹನ್ನೆರಡು ವಸ್ತುಗಳ ನಂಬರ್ ಎಲ್ಲಿ ಕಾಣಿಸುತ್ತೋ ಅಲ್ಲಿ ಬರ್ಕೊಳ್ಳಿ, ಫೋಟೋಲಿ ಗಾಜಿನ ಹೊಳಪು ಬಿದ್ದು ನಂಬರ್ ಕಾಣದೇ ಹೋಗುತ್ತೆ. ಮನೆಗೆ ಬಂದು ಅವರ ಆನ್‌ಲೈನ್ ಕ್ಯಾಟಲಾಗಲ್ಲಿ ಆ ನಂಬರ್ ಹಾಕಿದ್ರೆ ಆ ವಸ್ತುವಿನ ಫೋಟೋ, ಯಾವ ಸಂಸ್ಕೃತಿ, ಅಳತೆ ಎಲ್ಲಾ ಸಿಗುತ್ತೆ. ಅಮ್ಮ ಬರೆಸಿದ್ದು ಒಂದೇ ನಂಬರ್, ಆ ಶೇಂಗಾ ಮಡಕೇದು. ಊರಿಗೆ ಬಂದ್ಮೇಲೆ ಅಜ್ಜಿಗೆ ತೋರಿಸ್ಬೇಕು ಅಂತ ಲ್ಯಾಪ್‌ಟಾಪಲ್ಲಿ ತೆಗೆಸಿದ್ಲು, ಅಜ್ಜಿ ಕನ್ನಡಕ ಹಾಕ್ಕೊಂಡು ಹತ್ರ ಬಂದು ನೋಡಿ ಕೇಳಿದ್ದು ಒಂದೇ ಮಾತು, "ಇದು ಬಳ್ಳಿ ಶೇಂಗಾನೋ ಗಿಡ ಶೇಂಗಾನೋ?"